ಇಂಗ್ಲಿಷ್ ಪತ್ರಗಳಲ್ಲಿ 'ಶಲ್', 'ಮೇ', 'ಮಸ್ಟ್', 'ಕ್ಯಾನ್': ಅರ್ಥ, ಕಾನೂನಿನ ತೂಕ ಮತ್ತು ಅಭ್ಯಾಸ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಗ್ರಾಮ ಪಂಚಾಯತಿಗಳ ದಿನನಿತ್ಯದ ವ್ಯವಹಾರ ಕನ್ನಡದಲ್ಲಿಯೇ ನಡೆಯುತ್ತದೆ. ಆದರೂ ಕೇಂದ್ರದ ಯೋಜನೆಗಳ ಮಾರ್ಗಸೂಚಿ, ಹಣಕಾಸು ಆಯೋಗದ ಅನುದಾನದ ಷರತ್ತು, ಟೆಂಡರ್ ದಾಖಲೆ, ನೀರಿನ ಪರೀಕ್ಷಾ ವರದಿ, ನ್ಯಾಯಾಲಯದ ಆದೇಶ ಮುಂತಾದವು ಇಂಗ್ಲಿಷಿನಲ್ಲಿ ಬರುವುದುಂಟು. ಇಂತಹ ಪತ್ರದಲ್ಲಿ ದೊಡ್ಡ ಪದವೊಂದು ತಿಳಿಯದಿದ್ದರೆ ಸದಸ್ಯರು ಕೇಳಿ ತಿಳಿದುಕೊಳ್ಳುತ್ತಾರೆ. ಚಿಕ್ಕ ಪದಗಳು ತಿಳಿದಂತೆಯೇ ತೋರುವುದರಿಂದ ಯಾರೂ ಕೇಳುವುದಿಲ್ಲ. 'ಶಲ್', 'ಮೇ', 'ಮಸ್ಟ್', 'ಕ್ಯಾನ್' ಇಂತಹ ಚಿಕ್ಕ ಪದಗಳು. ಒಂದು ಕೆಲಸವನ್ನು ಮಾಡಲೇಬೇಕೆ, ಬೇಕಾದರೆ ಮಾಡಬಹುದೆ, ಮಾಡಲೇಬಾರದೆ ಎಂಬುದನ್ನು ನಿರ್ಧರಿಸುವವು ಇವೇ.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತಾ ಪ್ರಮಾಣ ಶೇ. 51.83. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದ ಈ ಪ್ರದೇಶದ ಜನರಿಗೆ ತಮ್ಮದಲ್ಲದ ಭಾಷೆಯ ಕಾಗದವನ್ನು ಬೇರೊಬ್ಬರಿಂದ ಓದಿಸಿಕೊಳ್ಳುವ ಅನುಭವ ಹೊಸದಲ್ಲ. ಇಂದು ಗ್ರಾಮಸ್ಥರು ಆ ಕಾಗದವನ್ನು ತರುವುದು ವಾರ್ಡಿನ ಸದಸ್ಯರ ಬಳಿಗೆ. 'ಅನುದಾನ ಬಿಡುಗಡೆಯಾಗಬಹುದು' ಎಂಬ ಪತ್ರವನ್ನು 'ಬಿಡುಗಡೆಯಾಗುತ್ತದೆ' ಎಂದು ಓದಿ ಹೇಳಿದರೆ ಊರಿನಲ್ಲಿ ನಿರೀಕ್ಷೆ ಹುಟ್ಟುತ್ತದೆ. ಹಣ ಬಾರದಿದ್ದಾಗ ಸದಸ್ಯರೇ ಉತ್ತರಿಸಬೇಕಾಗುತ್ತದೆ.

ಸಂವಿಧಾನದ 348ನೇ ಅನುಚ್ಛೇದದಂತೆ, ಸಂಸತ್ತು ಬೇರೆ ವ್ಯವಸ್ಥೆ ಮಾಡುವವರೆಗೆ, ಅಧಿನಿಯಮ, ನಿಯಮ ಮತ್ತು ಆದೇಶಗಳ ಅಧಿಕೃತ ಪಾಠ ಇಂಗ್ಲಿಷಿನಲ್ಲಿರುತ್ತದೆ. ರಾಜ್ಯದ ಅಧಿನಿಯಮವು ಕನ್ನಡದಲ್ಲಿ ಅಂಗೀಕಾರವಾದರೂ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಭಾಷಾಂತರವನ್ನೇ ಅದರ ಅಧಿಕೃತ ಇಂಗ್ಲಿಷ್ ಪಾಠವೆಂದು ಭಾವಿಸಲಾಗುತ್ತದೆ. ಆದ್ದರಿಂದ ಈ ಪದಗಳ ಪರಿಚಯ ಕನ್ನಡದಲ್ಲಿ ಕೆಲಸ ಮಾಡುವವರಿಗೂ ಅಗತ್ಯ.

1. ನಾಲ್ಕು ಅರ್ಥಗಳು

ಈ ಪದಗಳನ್ನು ವ್ಯಾಕರಣದಲ್ಲಿ ಸಹಾಯಕ ಕ್ರಿಯಾಪದಗಳೆಂದು ಕರೆಯುತ್ತಾರೆ. ಇವು ಮುಖ್ಯ ಕ್ರಿಯಾಪದದೊಡನೆ ಸೇರಿ ನಾಲ್ಕು ಬಗೆಯ ಅರ್ಥವನ್ನು ಕೊಡುತ್ತವೆ.

ಅ) ಸಾಮರ್ಥ್ಯ: 'ಕ್ಯಾನ್'. 'ದಿ ಪಂಪ್ ಕ್ಯಾನ್ ಫಿಲ್ ದಿ ಟ್ಯಾಂಕ್' ಎಂದರೆ ಟ್ಯಾಂಕನ್ನು ತುಂಬಿಸುವ ಶಕ್ತಿ ಪಂಪಿಗೆ ಇದೆ ಎಂದರ್ಥ. ತುಂಬಿಸುತ್ತಿದೆ ಎಂದಾಗಲಿ, ತುಂಬಿಸತಕ್ಕದ್ದು ಎಂದಾಗಲಿ ಅಲ್ಲ. ಕನ್ನಡದಲ್ಲಿ 'ಬಲ್ಲ', 'ಸಾಧ್ಯ', 'ಆಗುತ್ತದೆ', 'ಬರುತ್ತದೆ' ಈ ಅರ್ಥದವು. 'ಕುಡ್' ಎಂಬುದು ಸಾಮಾನ್ಯವಾಗಿ ಕಳೆದ ಕಾಲದ ಸಾಮರ್ಥ್ಯವನ್ನು ಹೇಳುತ್ತದೆ.

ಆ) ಸಂಭವ: 'ಮೇ', 'ಮೈಟ್'. 'ದಿ ರಿವರ್ ಮೇ ರೈಸ್' ಎಂದರೆ ನದಿ ಏರುವ ಸಂಭವವಿದೆ. 'ಮೈಟ್' ಎಂದಾಗ ಆ ಸಂಭವ ಇನ್ನೂ ಕಡಿಮೆ.

ಇ) ಕಡ್ಡಾಯ: 'ಶಲ್', 'ಮಸ್ಟ್', 'ಹ್ಯಾಸ್ ಟು', 'ಈಸ್ ರಿಕ್ವೈರ್ಡ್ ಟು'. ಕಾನೂನಿನ ಕನ್ನಡದಲ್ಲಿ ಇದು 'ತಕ್ಕದ್ದು'. ಸಾಮಾನ್ಯ ಬರವಣಿಗೆಯಲ್ಲಿ 'ಬೇಕು', 'ಲೇಬೇಕು'. 'ಶುಡ್' ಎಂಬುದು ಮೂಲತಃ ಸಲಹೆ. ಆದರೆ ಮೇಲಿನ ಕಚೇರಿಯ ಪತ್ರದಲ್ಲಿ ಅದು ಹಲವು ಬಾರಿ ಸೂಚನೆಯಾಗಿಯೇ ಇರುತ್ತದೆ. ಅಂತಹ ಕಡೆ ಅದು ಯಾವ ನಿಯಮವನ್ನು ಆಧರಿಸಿದೆ ಎಂದು ಕೇಳುವುದು ಒಳಿತು.

ಈ) ಅನುಮತಿ: 'ಮೇ', ಆಡುಮಾತಿನಲ್ಲಿ 'ಕ್ಯಾನ್'. 'ದಿ ಮೆಂಬರ್ ಮೇ ಸ್ಪೀಕ್' ಎಂದರೆ ಸದಸ್ಯರು ಮಾತನಾಡಲು ಅವಕಾಶವಿದೆ.

'ಮೇ' ಎಂಬ ಒಂದೇ ಪದ ಸಂಭವವನ್ನೂ ಅನುಮತಿಯನ್ನೂ ಹೇಳುತ್ತದೆ. ಕನ್ನಡದ 'ಬಹುದು' ಕೂಡ ಹಾಗೆಯೇ. 'ಮಳೆ ಬರಬಹುದು' ಎಂಬುದು ಸಂಭವ. 'ತಾವು ಒಳಗೆ ಬರಬಹುದು' ಎಂಬುದು ಅನುಮತಿ. ವಾಕ್ಯದ ಕರ್ತೃ ಮಳೆ, ನದಿ, ಬೆಲೆ ಮುಂತಾದ ವಸ್ತುವಾಗಿದ್ದರೆ ಅದು ಸಾಮಾನ್ಯವಾಗಿ ಸಂಭವ. ನಿಯಮದ ವಾಕ್ಯದಲ್ಲಿ ಕರ್ತೃ ವ್ಯಕ್ತಿ ಅಥವಾ ಪ್ರಾಧಿಕಾರವಾಗಿದ್ದರೆ ಅದು ಅನುಮತಿ ಅಥವಾ ಅಧಿಕಾರ.

2. ಪಂಚಾಯತ್ ರಾಜ್ ಅಧಿನಿಯಮದಲ್ಲಿ ಇವುಗಳ ಬಳಕೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 52ನೇ ಪ್ರಕರಣದಲ್ಲಿ ಎರಡು ಪದಗಳೂ ಒಂದೇ ವಾಕ್ಯದಲ್ಲಿ ಬರುತ್ತವೆ. ಅಧ್ಯಕ್ಷರು ತಮಗೆ ಸೂಕ್ತವೆಂದು ಕಂಡಾಗ ವಿಶೇಷ ಸಭೆಯನ್ನು ಕರೆಯಬಹುದು. ಇಲ್ಲಿ ಇಂಗ್ಲಿಷಿನಲ್ಲಿ 'ಮೇ' ಇದೆ. ಒಟ್ಟು ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಲಿಖಿತವಾಗಿ ಕೋರಿದರೆ, ಕೋರಿಕೆ ತಲುಪಿದ 15 ದಿನಗಳೊಳಗಿನ ದಿನಾಂಕಕ್ಕೆ ಕರೆಯತಕ್ಕದ್ದು. ಇಲ್ಲಿ 'ಶಲ್' ಇದೆ. ಮೊದಲನೆಯದು ಅಧ್ಯಕ್ಷರ ವಿವೇಚನೆ, ಎರಡನೆಯದು ಅವರ ಕರ್ತವ್ಯ. 15 ಸದಸ್ಯರ ಪಂಚಾಯತಿಯಲ್ಲಿ 5 ಸಹಿಗಳು, 17 ಸದಸ್ಯರ ಪಂಚಾಯತಿಯಲ್ಲಿ 6 ಸಹಿಗಳು 'ಬಹುದು' ಎಂಬುದನ್ನು 'ತಕ್ಕದ್ದು' ಎಂದು ಬದಲಾಯಿಸುತ್ತವೆ. ನಾಲ್ವರು ಬಾಯಿಮಾತಿನಲ್ಲಿ ಕೇಳಿದರೆ ಅಧ್ಯಕ್ಷರು ಒಪ್ಪದಿರಬಹುದು. ಆರು ಜನ ಬರೆದು ಕೊಟ್ಟರೆ ಒಪ್ಪದಿರಲು ಅವಕಾಶವಿಲ್ಲ.

ತೆರಿಗೆಗೆ ಸಂಬಂಧಿಸಿದ 199ನೇ ಪ್ರಕರಣದಲ್ಲಿಯೂ ಇದೇ ವ್ಯತ್ಯಾಸವಿದೆ. ಕಟ್ಟಡಗಳ ಮೇಲಿನ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನುಗಳ ಮೇಲಿನ ತೆರಿಗೆಯನ್ನು ಪ್ರತಿ ಗ್ರಾಮ ಪಂಚಾಯತಿಯು ವಿಧಿಸತಕ್ಕದ್ದು. ಜಾಹೀರಾತು ಫಲಕ, ಸಂತೆ ಮುಂತಾದವುಗಳ ಮೇಲಿನ ತೆರಿಗೆ ಅಥವಾ ಶುಲ್ಕವನ್ನು ವಿಧಿಸಬಹುದು. ಮನೆ ತೆರಿಗೆಯನ್ನು ಈ ವರ್ಷ ಬಿಟ್ಟುಬಿಡೋಣ ಎಂದು ಠರಾವು ಮಾಡಲು ಬರುವುದಿಲ್ಲ. ಸಂತೆ ಶುಲ್ಕ ಬೇಕೆ ಬೇಡವೆ ಎಂಬುದನ್ನು ಸಭೆ ತೀರ್ಮಾನಿಸಬಹುದು.

ಪ್ರಕಾರ್ಯಗಳನ್ನು ಹೇಳುವ 58ನೇ ಪ್ರಕರಣವು ನೀರು ಸರಬರಾಜು ಕಾಮಗಾರಿಗಳ ನಿರ್ವಹಣೆ, ಚರಂಡಿ, ಬೀದಿದೀಪ, ಜನನ ಮರಣ ನೋಂದಣಿ ಮುಂತಾದವನ್ನು ಕಡ್ಡಾಯ ಕರ್ತವ್ಯಗಳಾಗಿ ಹೇಳುತ್ತದೆ. ಆದರೆ ಪಂಚಾಯತಿಯ ನಿಧಿಯು ಅವಕಾಶ ನೀಡುವ ಮಟ್ಟಿಗೆ ಎಂಬ ಮಿತಿಯೂ ಅಲ್ಲಿದೆ. ಇದು ಕಡ್ಡಾಯಕ್ಕೆ ಸಾಮರ್ಥ್ಯದ ಅಳತೆಯನ್ನು ಹಚ್ಚಿದ ವಾಕ್ಯ. ಆದ್ದರಿಂದ ಬೀದಿದೀಪ ಏಕೆ ಹಾಕಿಲ್ಲ ಎಂಬ ಪ್ರಶ್ನೆಗೆ 'ಅದು ನಮ್ಮ ಇಷ್ಟ' ಎಂಬುದು ಉತ್ತರವಾಗದು. ನಿಧಿ ಎಷ್ಟಿತ್ತು, ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕವೇ ಉತ್ತರ.

3. ಸಂವಿಧಾನದಲ್ಲಿ ಇವುಗಳ ತೂಕ

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಅದರ 243ಬಿ ಅನುಚ್ಛೇದವು ಪ್ರತಿ ರಾಜ್ಯದಲ್ಲಿ ಪಂಚಾಯತಿಗಳನ್ನು ರಚಿಸತಕ್ಕದ್ದು ಎನ್ನುತ್ತದೆ, ಪದ 'ಶಲ್'. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಸ್ಥಾನಗಳನ್ನು ಮೀಸಲಿಡುವ 243ಡಿ ಅನುಚ್ಛೇದದಲ್ಲಿಯೂ 'ಶಲ್' ಇದೆ. ಆದರೆ ಪಂಚಾಯತಿಗಳಿಗೆ ಅಧಿಕಾರ ಕೊಡುವ 243ಜಿ ಅನುಚ್ಛೇದದಲ್ಲಿ ಇರುವುದು 'ಮೇ'. ಹನ್ನೊಂದನೆಯ ಅನುಸೂಚಿಯ 29 ವಿಷಯಗಳು ಸೇರಿದಂತೆ ಅಧಿಕಾರ ಮತ್ತು ಹೊಣೆಗಳನ್ನು ರಾಜ್ಯದ ವಿಧಾನಮಂಡಲವು ಕಾನೂನಿನ ಮೂಲಕ ಪಂಚಾಯತಿಗಳಿಗೆ ವಹಿಸಬಹುದು. ಪಂಚಾಯತಿ ಇರಲೇಬೇಕು, ಅದಕ್ಕೆ ಎಷ್ಟು ಅಧಿಕಾರ ಎಂಬುದು ರಾಜ್ಯದ ತೀರ್ಮಾನ. ಪಂಚಾಯತಿಗಳ ಅಧಿಕಾರವು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರಲು ಈ ಪದ ಅವಕಾಶ ಕೊಟ್ಟಿದೆ.

ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ 371ಜೆ ಅನುಚ್ಛೇದವೂ 'ಮೇ' ಎಂದೇ ಆರಂಭವಾಗುತ್ತದೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಮುಂತಾದವುಗಳಿಗಾಗಿ ರಾಷ್ಟ್ರಪತಿಯವರು ಆದೇಶದ ಮೂಲಕ ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ವಹಿಸಬಹುದು ಎಂಬುದು ಅದರ ಸಾರ. ಅನುಚ್ಛೇದವೊಂದರಿಂದಲೇ ಮಂಡಳಿಯಾಗಲಿ ಮೀಸಲಾತಿಯಾಗಲಿ ಉಂಟಾಗಲಿಲ್ಲ. 2013ರಲ್ಲಿ ಆದೇಶಗಳು ಹೊರಟ ಬಳಿಕ ಅವು ಜಾರಿಗೆ ಬಂದವು. 'ಬಹುದು' ಎಂಬ ಪದ ಬಾಗಿಲನ್ನು ತೆರೆಯುತ್ತದೆ. ಒಳಗೆ ಹೆಜ್ಜೆ ಇಡುವವರು ಬೇಕು.

ಗ್ರಾಮ ಪಂಚಾಯತಿಗೂ ಇದೇ ಮಾತು ಅನ್ವಯಿಸುತ್ತದೆ. ಪತ್ರದಲ್ಲಿ 'ಶಲ್' ಇದ್ದರೆ ಸದಸ್ಯರು ಪಾಲನೆಯನ್ನು ಕೇಳಬೇಕು. 'ಮೇ' ಇದ್ದರೆ ಸುಮ್ಮನೆ ಕಾಯದೆ ಠರಾವು ಮಾಡಿ ಆ ಅಧಿಕಾರವನ್ನು ಬಳಸಬೇಕು, ಇಲ್ಲವೆ ಅಧಿಕಾರವುಳ್ಳವರಿಗೆ ಕೋರಿಕೆ ಸಲ್ಲಿಸಬೇಕು.

4. 'ನಾಟ್' ಸೇರಿದಾಗ

ಹೆಚ್ಚಿನ ತಪ್ಪುಗಳು ನಿಷೇಧದ ವಾಕ್ಯಗಳಲ್ಲಿ ಆಗುತ್ತವೆ. 'ಮಸ್ಟ್' ಎಂದರೆ 'ಬೇಕು' ಎಂದು ಕಲಿತವರು 'ಮಸ್ಟ್ ನಾಟ್' ಎಂದರೆ 'ಬೇಕಾಗಿಲ್ಲ' ಎಂದು ಭಾವಿಸುವುದು ಸಹಜ. ಅದು ತಪ್ಪು. 'ಮಸ್ಟ್ ನಾಟ್' ಮತ್ತು 'ಶಲ್ ನಾಟ್' ಎಂದರೆ 'ಕೂಡದು', 'ತಕ್ಕದ್ದಲ್ಲ'. 'ಬೇಕಾಗಿಲ್ಲ' ಎಂಬುದಕ್ಕೆ ಇಂಗ್ಲಿಷಿನಲ್ಲಿ 'ನೀಡ್ ನಾಟ್' ಅಥವಾ 'ಡಸ್ ನಾಟ್ ಹ್ಯಾವ್ ಟು' ಎನ್ನುತ್ತಾರೆ. ಅನುದಾನವನ್ನು ಬೇರೆ ಕೆಲಸಕ್ಕೆ ಬಳಸಕೂಡದು ಎಂಬ ಷರತ್ತನ್ನು ಬಳಸಬೇಕಾಗಿಲ್ಲ ಎಂದು ಓದಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

'ಮೇ ನಾಟ್' ಎರಡು ಅರ್ಥ ಕೊಡುತ್ತದೆ. 'ದಿ ಬಸ್ ಮೇ ನಾಟ್ ಕಮ್' ಎಂದರೆ ಬಸ್ಸು ಬಾರದಿರಬಹುದು. 'ಫಂಡ್ಸ್ ಮೇ ನಾಟ್ ಬಿ ಡೈವರ್ಟೆಡ್' ಎಂದರೆ ಹಣವನ್ನು ಬೇರೆಡೆಗೆ ತಿರುಗಿಸುವಂತಿಲ್ಲ.

'ಶಲ್ ನಾಟ್ ಬಿ ರಿಕ್ವೈರ್ಡ್ ಟು' ಎಂಬ ಪ್ರಯೋಗವನ್ನೂ ಗಮನಿಸಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಲ್ಲಿ ಅರ್ಜಿದಾರರು ಮಾಹಿತಿ ಕೋರಿಕೆಗೆ ಕಾರಣ ಹೇಳುವ ಬಗ್ಗೆ ಈ ಪದಗಳಿವೆ. ಅರ್ಜಿದಾರರು ಕಾರಣ ಹೇಳಬೇಕಾಗಿಲ್ಲ. ಕಚೇರಿಯು ಕಾರಣ ಕೊಡಿರೆಂದು ಒತ್ತಾಯಿಸಕೂಡದು. ಒಬ್ಬರಿಗೆ ವಿನಾಯಿತಿ, ಇನ್ನೊಬ್ಬರಿಗೆ ನಿಷೇಧ.

5. 'ಆಗುವುದಿಲ್ಲ' ಎಂಬ ಉತ್ತರ

ಈ ಭಾಗದ ಮಾತಿನಲ್ಲಿ 'ಅವನಿಗೆ ಈಜಲು ಬರುತ್ತದೆ' ಎಂದರೆ ಸಾಮರ್ಥ್ಯ. 'ಕಾನೂನಿನಲ್ಲಿ ಹಾಗೆ ಮಾಡಲು ಬರುವುದಿಲ್ಲ' ಎಂದರೆ ಅನುಮತಿಯಿಲ್ಲ. 'ಆಗುವುದಿಲ್ಲ' ಎಂಬುದೂ ಹಾಗೆಯೇ. ಇಂಗ್ಲಿಷಿನ 'ಕೆನಾಟ್' ಕೂಡ ಎರಡನ್ನೂ ಹೇಳುತ್ತದೆ. ಕಚೇರಿಯಿಂದ 'ಈ ಕಾಮಗಾರಿ ಆಗುವುದಿಲ್ಲ' ಎಂಬ ಉತ್ತರ ಬಂದಾಗ ಸದಸ್ಯರು ಒಂದು ಪ್ರಶ್ನೆ ಕೇಳಬೇಕು: ನಿಧಿ ಅಥವಾ ತಾಂತ್ರಿಕ ಸಾಮರ್ಥ್ಯ ಇಲ್ಲವೆ, ನಿಯಮ ಅನುಮತಿಸುವುದಿಲ್ಲವೆ? ಮೊದಲನೆಯದಾದರೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಲು ದಾರಿಯಿದೆ. ಎರಡನೆಯದಾದರೆ ಆ ನಿಯಮದ ಸಂಖ್ಯೆಯನ್ನು ತೋರಿಸುವಂತೆ ಕೇಳಬೇಕು.

ಅನುಮತಿಗೆ ಷರತ್ತು ಇರುವುದೂ ಉಂಟು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500: 2012ರಲ್ಲಿ ಫ್ಲೋರೈಡಿಗೆ ಎರಡು ಮಿತಿಗಳಿವೆ. ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. 1.5 ಮಿಲಿಗ್ರಾಂ ಎಂಬ ಎರಡನೆಯ ಮಿತಿ ಬೇರೆ ನೀರಿನ ಮೂಲ ಇಲ್ಲದಿದ್ದಾಗ ಮಾತ್ರ ಅನ್ವಯಿಸುತ್ತದೆ. 1.3 ಎಂದು ವರದಿ ಬಂದ ಕೊಳವೆಬಾವಿಯ ನೀರು 'ಪರ್ಮಿಸಿಬಲ್' ಎಂದು ಬರೆದಿದ್ದರೆ, ಊರಿನಲ್ಲಿ ಬೇರೆ ಉತ್ತಮ ಮೂಲ ಇದೆಯೆ ಎಂದು ಕೇಳುವ ಹೊಣೆ ಸದಸ್ಯರದು. ನೈಟ್ರೇಟಿಗೆ 45 ಮಿಲಿಗ್ರಾಂ ಮಿತಿ ಇದ್ದು, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ.

6. ನ್ಯಾಯಾಲಯಗಳ ನಿಲುವು

ಈ ಪದಗಳನ್ನು ಸಂದರ್ಭದೊಡನೆ ಓದಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಉತ್ತರ ಪ್ರದೇಶ ರಾಜ್ಯ ವಿರುದ್ಧ ಜೋಗೇಂದ್ರ ಸಿಂಗ್ ಪ್ರಕರಣದಲ್ಲಿ (1963) ನಿಯಮದಲ್ಲಿದ್ದ 'ಮೇ' ಪದವನ್ನು ಕಡ್ಡಾಯವೆಂದು ಓದಲಾಯಿತು. ನೌಕರನ ಕೋರಿಕೆಯೊಡನೆ ಅಧಿಕಾರಿಯ ಕರ್ತವ್ಯವೂ ಅಲ್ಲಿ ಸೇರಿತ್ತು. ಮನಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ (1957) ಲೋಕಸೇವಾ ಆಯೋಗದೊಡನೆ ಸಮಾಲೋಚಿಸುವ ಕುರಿತ 'ಶಲ್' ಪದವನ್ನು ಕಡ್ಡಾಯವಲ್ಲವೆಂದು ಓದಲಾಯಿತು. ಆದರೆ ಇವು ನ್ಯಾಯಾಲಯ ತೀರ್ಮಾನಿಸುವ ಅಪವಾದಗಳು. ಪಂಚಾಯತಿಯ ಕೆಲಸದಲ್ಲಿ 'ಶಲ್' ಎಂದರೆ ತಕ್ಕದ್ದು, 'ಮೇ' ಎಂದರೆ ಬಹುದು ಎಂದು ಹಿಡಿದು ನಡೆಯುವುದೇ ಸುರಕ್ಷಿತ.

7. ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಗಟ್ಟಿಯಾಗಿ ಓದಿ, ನಾಲ್ಕು ಅರ್ಥಗಳಲ್ಲಿ ಯಾವುದೆಂದು ಗುರುತಿಸಿ, ಕನ್ನಡದಲ್ಲಿ ಹೇಳಬೇಕು. ಆ ನಂತರವೇ ಉತ್ತರವನ್ನು ನೋಡುವುದು.

1) ವಾಟರ್ ಲೆವೆಲ್ ಇನ್ ದಿ ಕೃಷ್ಣಾ ಮೇ ರೈಸ್ ಬೈ ಈವ್ನಿಂಗ್.
2) ಪೀಪಲ್ ಮಸ್ಟ್ ನಾಟ್ ಎಂಟರ್ ದಿ ರಿವರ್.
3) ದಿ ಟ್ಯಾಂಕ್ ಕ್ಯಾನ್ ಹೋಲ್ಡ್ 50,000 ಲೀಟರ್ಸ್.
4) ದಿ ಕಾಂಟ್ರಾಕ್ಟರ್ ಶಲ್ ಕಂಪ್ಲೀಟ್ ದಿ ವರ್ಕ್ ಇನ್ ಸಿಕ್ಸ್ ಮಂತ್ಸ್.
5) ದಿ ಎಂಜಿನಿಯರ್ ಮೇ ಎಕ್ಸ್‌ಟೆಂಡ್ ದಿ ಟೈಮ್.
6) ದಿ ವರ್ಕ್ ಕುಡ್ ನಾಟ್ ಬಿ ಸ್ಟಾರ್ಟೆಡ್.
7) ಓಲ್ಡ್ ಪೀಪಲ್ ನೀಡ್ ನಾಟ್ ಕಮ್ ಟು ದಿ ಆಫೀಸ್.

ಉತ್ತರಗಳು: 1) ಸಂಭವ: ಸಂಜೆಯೊಳಗೆ ಕೃಷ್ಣಾ ನದಿಯ ನೀರಿನ ಮಟ್ಟ ಏರಬಹುದು. 2) ನಿಷೇಧ: ಜನರು ನದಿಗೆ ಇಳಿಯಕೂಡದು. 3) ಸಾಮರ್ಥ್ಯ: ಟ್ಯಾಂಕು 50,000 ಲೀಟರ್ ನೀರು ಹಿಡಿಯುತ್ತದೆ. 4) ಕಡ್ಡಾಯ: ಗುತ್ತಿಗೆದಾರರು ಆರು ತಿಂಗಳಲ್ಲಿ ಕಾಮಗಾರಿ ಮುಗಿಸತಕ್ಕದ್ದು. 5) ಅಧಿಕಾರ: ಎಂಜಿನಿಯರರು ಅವಧಿ ವಿಸ್ತರಿಸಬಹುದು, ಗುತ್ತಿಗೆದಾರರು ಅದನ್ನು ಹಕ್ಕೆಂದು ಕೇಳಲು ಬರುವುದಿಲ್ಲ. 6) ಸಾಮರ್ಥ್ಯದ ಅಭಾವ: ಕಾಮಗಾರಿ ಆರಂಭಿಸಲು ಸಾಧ್ಯವಾಗಲಿಲ್ಲ, ಏಕೆಂದು ಕೇಳಬೇಕು. 7) ವಿನಾಯಿತಿ: ವೃದ್ಧರು ಕಚೇರಿಗೆ ಬರಬೇಕಾಗಿಲ್ಲ; ಬರಲು ಅಡ್ಡಿಯೂ ಇಲ್ಲ.

8. ಸಭೆಯಲ್ಲಿ ಅನುಸರಿಸಬಹುದಾದ ಕ್ರಮ

ಇಂಗ್ಲಿಷ್ ಪತ್ರವನ್ನು ಸಭೆಯ ಮುಂದಿಟ್ಟಾಗ ಸದಸ್ಯರು ಈ ಪದಗಳ ಕೆಳಗೆ ಗೆರೆ ಎಳೆಯುವುದು. 'ಶಲ್', 'ಮಸ್ಟ್' ಇರುವ ವಾಕ್ಯಗಳಿಗೆ ಯಾರು, ಯಾವ ದಿನಾಂಕದೊಳಗೆ ಎಂಬುದನ್ನು ಬರೆದುಕೊಳ್ಳುವುದು. 'ಮೇ' ಇರುವ ವಾಕ್ಯಗಳಿಗೆ ಠರಾವು ಬೇಕೆ ಎಂದು ಚರ್ಚಿಸುವುದು. 'ನಾಟ್' ಇರುವ ವಾಕ್ಯವನ್ನು ಎರಡು ಬಾರಿ ಓದಿಸುವುದು. ನಡಾವಳಿ ಪುಸ್ತಕದಲ್ಲಿಯೂ 'ಮಾಡಲಾಗುವುದು' ಎಂದು ತೇಲಿಸಿ ಬರೆಯದೆ, ಯಾರು ಮಾಡತಕ್ಕದ್ದು ಅಥವಾ ಯಾರು ಮಾಡಬಹುದು ಎಂದು ಸ್ಪಷ್ಟವಾಗಿ ದಾಖಲಿಸುವುದು. ಮುಂದಿನ ಸಭೆಯಲ್ಲಿ ಪ್ರಗತಿಯನ್ನು ಕೇಳಲು ಆಧಾರವಾಗುವುದು ಆ ಒಂದು ಪದವೇ.