ಮುಂಬಯಿಯಲ್ಲಿ ಒಂದು ಹೊತ್ತಿನ ಊಟ

ದಾದರ್ ನಿಲ್ದಾಣದಲ್ಲಿ ರೈಲಿನಿಂದ ಇಳಿದ ಸಂಸಾರವೊಂದನ್ನು ಕಲ್ಪಿಸಿಕೊಳ್ಳಬಹುದು. ತಂದೆಯ ಕೈಯಲ್ಲಿ ಪೆಟ್ಟಿಗೆ. ತಾಯಿಯ ಸೆರಗು ಹಿಡಿದ ಮಗು. ಮನೆಯಿಂದ ಕಟ್ಟಿ ತಂದ ಬುತ್ತಿ ಹಿಂದಿನ ರಾತ್ರಿಯೇ ಮುಗಿದಿದೆ. ಹಸಿವು ರುಚಿಯನ್ನರಿಯದು ಎಂಬಂತೆ ಮೊದಲು ಕಂಡ ಹೋಟೆಲನ್ನು ಹೊಕ್ಕು, ಎರಡು ದಿನದ ಖರ್ಚನ್ನು ಒಂದೇ ಹೊತ್ತಿಗೆ ತೆತ್ತು ಹೊರಬಂದ ಮೇಲೆ, "ಈ ಊರಿನಲ್ಲಿ ಬಡವರು ಉಣ್ಣುವುದೆಲ್ಲಿ?" ಎಂದು ಆ ಗೃಹಿಣಿ ಕೇಳಿದರೆ ಆಶ್ಚರ್ಯವೇನೂ ಇಲ್ಲ.

ಪ್ರಶ್ನೆ ಸರಿಯಾದುದೇ, ಉತ್ತರವೂ ಅದರೊಳಗೇ ಅಡಗಿದೆ. ಮುಂಬಯಿ ಹೊರಗಿನಿಂದ ಬಂದವರು ಕಟ್ಟಿದ ನಗರ. ಮನೆಮಂದಿಯನ್ನು ಊರಿನಲ್ಲಿ ಬಿಟ್ಟು, ಒಲೆಯಿಲ್ಲದ ಕೋಣೆಯಲ್ಲಿ ಹತ್ತಾರು ಜನರೊಡನೆ ಮಲಗಿ ದುಡಿದವರು ಲಕ್ಷಾಂತರ ಮಂದಿ. ಅವರ ನಾಲಗೆಗೆ ತಮ್ಮ ನಾಡಿನ ರುಚಿ ಬೇಕಾಗಿತ್ತು; ಅವರ ಕಿಸೆ ಮಾತ್ರ ಹಗುರವಾಗಿತ್ತು. ಇವೆರಡರ ನಡುವೆ ಹುಟ್ಟಿದವು ಆ ನಗರದ ಒಳ್ಳೆಯ, ಅಗ್ಗದ ಭೋಜನಗೃಹಗಳು. ಆದುದರಿಂದ ಅವನ್ನು ಹುಡುಕುವವರು ಹೊಳೆಯುವ ಫಲಕವನ್ನು ನೋಡಬಾರದು. ಆ ಅಡಿಗೆಯನ್ನು ದಿನವೂ ಉಣ್ಣುವ ಜನ ಎಲ್ಲಿ ನೆಲಸಿದರೆಂಬುದನ್ನು ನೋಡಬೇಕು.

ದಾದರಿನಿಂದ ಲೋಕಲ್ ಗಾಡಿಯಲ್ಲಿ ಉತ್ತರಕ್ಕೆ ಹೊರಟರೆ ಮುಂದಿನ ನಿಲ್ದಾಣವೇ ಮಾಟುಂಗಾ. ದಕ್ಷಿಣದವರು ಬಹುಕಾಲದಿಂದ ನೆಲಸಿದ ಈ ಬಡಾವಣೆಯಲ್ಲಿ ಮಲ್ಲಿಗೆಯ ದಂಡೆ, ಬಾಳೆಲೆ, ಕಾಫಿಪುಡಿಗಳ ವಾಸನೆಯೇ ದಾರಿ ತೋರುತ್ತದೆ. ಎ. ರಾಮನಾಯಕರು 1942ರಲ್ಲಿ ಪ್ರಾರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದು ಇಲ್ಲಿಯ ರೈಲು ನಿಲ್ದಾಣದ ಬಳಿಯಲ್ಲೇ. ಇಂತಹ ಬೋರ್ಡಿಂಗುಗಳು ವಿಹಾರಕ್ಕೆ ಬಂದವರಿಗಾಗಿ ತೆರೆದವಲ್ಲ. ಕಚೇರಿಯ ಗುಮಾಸ್ತರು, ಒಂಟಿಯಾಗಿದ್ದ ತರುಣರು ದಿನದಿನವೂ ಬಂದು ಉಣ್ಣುತ್ತಿದ್ದ ತಾಣಗಳು. ಬಾಳೆಲೆಯ ಮೇಲೆ ಅನ್ನ, ಸಾರು, ಪಲ್ಯ, ಮೊಸರು ಇಷ್ಟೇ ಆದರೂ ದಿನವೂ ಉಣ್ಣಲು ಬೇಸರ ತಾರದ ಊಟವದು. ತುಳುನಾಡಿನಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನ ಮೇಜು ಒರಸಿ, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಹುಡುಗರ ಬೆವರೂ ಈ ನಗರದ ಉಡುಪಿ ಹೋಟೆಲುಗಳ ಚರಿತ್ರೆಯಲ್ಲಿ ಸೇರಿದೆ.

ದಾದರಿನಿಂದ ದಕ್ಷಿಣಕ್ಕೆ ತಿರುಗಿದರೆ ಪರೇಲ್, ಲಾಲ್‌ಬಾಗ್. ಹಿಂದೆ 'ಗಿರಣಗಾವ್' ಎನಿಸಿಕೊಂಡಿದ್ದ ಪ್ರದೇಶ. ಮುಂಬಯಿಯ ಮೊದಲ ಹತ್ತಿಯ ಗಿರಣಿ 1854ರಲ್ಲಿ ಸ್ಥಾಪನೆಯಾದ ಮೇಲೆ ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಗಂಡಸರು ಬಂದು ಇಲ್ಲಿಯ ಚಾಳುಗಳನ್ನು ತುಂಬಿದರು. ಅವರಿಗೆ ತಿಂಗಳ ಲೆಕ್ಕದಲ್ಲಿ ಅಡಿಗೆ ಮಾಡಿ ಬಡಿಸಿದವರು ಅನೇಕ ಕಡೆ ಹೆಂಗಸರು. ಅವರ ಮನೆಯೇ ಖಾನಾವಳಿ. ಉತ್ತರ ಕರ್ನಾಟಕದವರಿಗೆ ಈ ಹೆಸರು ಹೊಸದೇನಲ್ಲ. ಬಡ್ಡಿಯ ಸಾಹುಕಾರನ ಕೈಗೆ ಸಿಕ್ಕಿ ಬಳಲುತ್ತಿದ್ದ ಈ ಅನ್ನದಾತೆಯರನ್ನು ಒಂದುಗೂಡಿಸಿ ಬ್ಯಾಂಕಿನ ಸಾಲ ದೊರಕಿಸಲೆಂದು ಪ್ರೇಮಾ ಪುರಾವ್ 1975ರಲ್ಲಿ 'ಅನ್ನಪೂರ್ಣಾ ಮಹಿಳಾ ಮಂಡಳ'ವನ್ನು ಸ್ಥಾಪಿಸಿದರು. 1982ರ ದೊಡ್ಡ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಉಣ್ಣುವವರು ಚದುರಿದರು. ಆದರೂ ಈ ಬೀದಿಗಳಲ್ಲಿ ಮಾಲವಣಿ ಭೋಜನಗೃಹಗಳು ಇಂದಿಗೂ ಸಿಗುತ್ತವೆ. ಮೀನು ತಿನ್ನುವವರಿಗೆ ಅಲ್ಲಿಯ ಊಟವೂ, ಪುನರ್ಪುಳಿ ಮತ್ತು ತೆಂಗಿನ ಹಾಲು ಬೆರೆಸಿದ ಸೋಲ್‌ಕಢಿಯೂ ನಮ್ಮ ಕರಾವಳಿಯನ್ನೇ ನೆನಪಿಗೆ ತರುತ್ತವೆ. ಸಸ್ಯಾಹಾರಿಗಳು ಕುಳಿತುಕೊಳ್ಳುವ ಮುನ್ನವೇ ವಿಚಾರಿಸುವುದು ಲೇಸು.

ಇನ್ನೂ ದಕ್ಷಿಣಕ್ಕೆ ಹೋದರೆ ಧೋಬಿ ತಲಾವ್. ಮೆಟ್ರೋ ಚಿತ್ರಮಂದಿರದ ಎದುರಿಗೆ 1904ರಿಂದ ನಡೆದುಬಂದಿರುವ ಕಯಾನಿ ಎಂಬ ಇರಾನಿ ಚಹಾದಂಗಡಿ ಇಲ್ಲಿದೆ. ಇರಾನಿನ ಯಜ್ದ್, ಕೆರ್ಮಾನ್ ಮೊದಲಾದ ಕಡೆಗಳಿಂದ ವಲಸೆ ಬಂದವರು ತೆರೆದ ಈ ಅಂಗಡಿಗಳು ಬಹಳವಾಗಿ ಬೀದಿಯ ಮೂಲೆಗಳಲ್ಲಿಯೇ ಇರುತ್ತಿದ್ದವು. ಅಮೃತಶಿಲೆಯ ಮೇಜು, ಬಾಗಿದ ಬೆನ್ನಿನ ಮರದ ಕುರ್ಚಿ, ಬೆಣ್ಣೆ ಸವರಿದ ಬನ್ನು, ಗಟ್ಟಿಯಾದ ಚಹಾ. ಜಾತಿಯನ್ನಾಗಲಿ ಉಡುಪನ್ನಾಗಲಿ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಂದು ಕಾಲಕ್ಕೆ ನೂರಾರಿದ್ದ ಇಂತಹ ಅಂಗಡಿಗಳಲ್ಲಿ ಈಗ ಉಳಿದಿರುವವು ಕೆಲವೇ.

ಈ ಮೂರು ಉದಾಹರಣೆಗಳಿಂದ ಪ್ರವಾಸಿಗಳು ಕಲಿಯಬೇಕಾದ ಪಾಠ ಬೇರೆ ನಗರಗಳಿಗೂ ಸಲ್ಲುತ್ತದೆ. "ಇಲ್ಲಿ ಒಳ್ಳೆಯ ಹೋಟೆಲು ಯಾವುದು?" ಎಂದು ಕೇಳಿದರೆ, ಗೌರವದಿಂದ ದೊಡ್ಡ ಹೋಟೆಲಿನ ದಾರಿಯನ್ನೇ ತೋರಿಸುತ್ತಾರೆ. "ಅಣ್ಣಾ, ನೀವು ಮಧ್ಯಾಹ್ನ ಊಟ ಮಾಡುವುದೆಲ್ಲಿ?" ಎಂದು ಟ್ಯಾಕ್ಸಿಯವನನ್ನೋ ಅಂಗಡಿಯ ಗುಮಾಸ್ತನನ್ನೋ ಕೇಳಬೇಕು. ಪಟ್ಟಿಯಲ್ಲಿ ನೂರು ಬಗೆಯ ತಿಂಡಿಗಳಿದ್ದರೆ ಸಂಶಯಪಡಬೇಕು. ನಾಲ್ಕೇ ಬಗೆಯಿದ್ದು ಜನ ನಿಂತು ಕಾಯುತ್ತಿದ್ದರೆ ಧೈರ್ಯವಾಗಿ ಒಳಹೊಗಬಹುದು. ಅಲ್ಲಿಯವರು ಉಣ್ಣುವ ಹೊತ್ತಿಗೇ ಹೋಗಬೇಕು. ಆಗ ಅನ್ನ ಬಿಸಿಯಾಗಿರುತ್ತದೆ. ಅಪರಿಚಿತರೊಡನೆ ಒಂದೇ ಮೇಜಿಗೆ ಕುಳಿತುಕೊಳ್ಳಲು ಸಂಕೋಚಪಡಬಾರದು. ಊಟ ಮುಗಿದೊಡನೆ, ಹಿಂದೆ ಕಾದಿರುವವರಿಗೆ ಸ್ಥಳ ಬಿಟ್ಟು ಏಳುವುದು ಮರ್ಯಾದೆ.

ಬೆಲೆ ಕಡಮೆಯೆಂದು ಆ ಊಟವನ್ನು ಕೀಳೆಣಿಸುವುದು ಮಾತ್ರ ಸಲ್ಲದು. ಉಣ್ಣುವವನು ತಿಂಗಳ ಕೊನೆಗೆ ಊರಿಗೆ ಮನಿಯಾರ್ಡರು ಕಳುಹಿಸಬೇಕೆಂಬುದು ಬಡಿಸುವವರಿಗೆ ತಿಳಿದಿತ್ತು. ಆ ಎಲೆಯ ಮೇಲೆ ಉಳಿದ ಕಾಸುಗಳೇ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸಿದವು. ಎಷ್ಟೋ ಮಕ್ಕಳ ಶಾಲೆಯ ಫೀಸನ್ನು ತುಂಬಿದವು. ದಾದರಿನಲ್ಲಿ ಇಳಿದ ಆ ಸಂಸಾರವೂ ಅಂತಹ ಒಂದು ಮನೆಯಿಂದಲೇ ಬಂದಿರಬಹುದು.