ಇಲ್ಲ ಬೇರೆ, ಅಲ್ಲ ಬೇರೆ

1997ರಲ್ಲಿ ಹರಪನಹಳ್ಳಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಯ್ತು. 2013ರಲ್ಲಿ 371ಜೆ ಜಾರಿಯಾದಾಗ ಪಕ್ಕದ ಹಡಗಲಿ, ಕೂಡ್ಲಿಗಿಗೆ ಮೀಸಲಾತಿ ಸಿಕ್ತು, ಇವರಿಗೆ ಸಿಗಲಿಲ್ಲ. ಸರ್ಕಾರದ ಲೆಕ್ಕ: ನೀವು ಬಳ್ಳಾರಿಯಲ್ಲಿ ಇಲ್ಲ. ಊರಿನ ತಕರಾರು: ಇಲ್ಲ ಸರಿ, ಆ ಭಾಗದವರೇ ಅಲ್ಲ ಅಂತೀರಾ?

ನನಗೆ ಇಡೀ ಜಗಳ ಈ ಎರಡು ಪದಗಳಲ್ಲೇ ಕಾಣುತ್ತೆ. ‘ಇಲ್ಲ’ ಇರುವಿಕೆಯನ್ನು ಅಲ್ಲಗಳೆಯುತ್ತೆ, ‘ಅಲ್ಲ’ ಗುರುತನ್ನು. ಇಂಗ್ಲಿಷಿನ ‘ಈಸ್ ನಾಟ್’, ಹಿಂದಿಯ ‘ನಹೀ ಹೈ’ ಎರಡಕ್ಕೂ ನಡೆಯುತ್ತೆ. ತೆಲುಗಿನಲ್ಲಿ ನಮ್ಮ ಹಾಗೇ ಲೇದು, ಕಾದು ಬೇರೆ ಬೇರೆ. ಆದರೆ ಅಲ್ಲಿ ‘ನೇನು ಲೇನು, ವಾಳ್ಳು ಲೇರು’ ಅಂತ ರೂಪ ಬದಲಾಗುತ್ತೆ. ನಮ್ಮ ‘ಇಲ್ಲ’ ನಾನು, ನೀವು, ಅವರು ಯಾರಿಗೂ ಬಗ್ಗಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಕಾನ್‌ಸ್ಟಂಟ್!

2018ರಲ್ಲಿ ತಾಲೂಕು ಬಳ್ಳಾರಿಗೆ ಮರಳಿತು, 371ಜೆ ಸಿಕ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಹರಪನಹಳ್ಳಿ ಈಗ ಮತ್ತೆ ಬಳ್ಳಾರಿಯಲ್ಲಿ ಇಲ್ಲ. ಸೌಲಭ್ಯ ಮಾತ್ರ ಇದೆ.