ಬೈಸಿಕಲ್ ಸವಾರಿಯ ಎರಡು ಪಾಠಗಳು

ಬೈಸಿಕಲ್ ಸವಾರಿಯನ್ನು ಬೋಧಿಸಬೇಕಾದ ವಿದ್ಯೆಯೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಈಜಿನಂತೆ, ಮರ ಹತ್ತುವುದರಂತೆ, ಅದು ಬಾಲ್ಯದಲ್ಲಿ ತಾನಾಗಿಯೇ ಬರತಕ್ಕ ಕೌಶಲವೆಂಬುದು ನಮ್ಮ ನಂಬಿಕೆ. ನಮ್ಮ ಹಿಂದಿನ ತಲೆಮಾರಿನ ಹುಡುಗರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡವರ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ, ಅರ್ಧ ಪೆಡಲು ತುಳಿಯುತ್ತ, ಮೊಣಕಾಲು ತರಚಿಸಿಕೊಂಡು ಕಲಿತರು. ಹುಡುಗಿಯರಲ್ಲಿ ಅನೇಕರಿಗೆ ಆ ಅವಕಾಶವೂ ಇರಲಿಲ್ಲ. ಆದರೆ ಈ ವಾಹನದ ಚರಿತ್ರೆಯನ್ನು ಪರಿಶೀಲಿಸಿದರೆ, ಸವಾರಿಯ ಬೋಧನೆಯೂ ಹೆಚ್ಚುಕಡಮೆ ವಾಹನದಷ್ಟೇ ಹಳೆಯದೆಂಬುದೂ, ಅದರಲ್ಲಿ ಒಂದಲ್ಲ, ಎರಡು ಪಾಠಗಳಿವೆಯೆಂಬುದೂ ತಿಳಿಯುತ್ತದೆ. ಮೊದಲನೆಯದು ಬೀಳದಿರುವ ಪಾಠ. ಎರಡನೆಯದು ಇತರರೊಡನೆ ರಸ್ತೆಯಲ್ಲಿ ನಡೆದುಕೊಳ್ಳುವ ಪಾಠ. ಮೊದಲನೆಯದು ಬಂದವರಿಗೆ ಎರಡನೆಯದೂ ಬಂದಿತೆಂದು ಭಾವಿಸುವುದೇ ಅನೇಕ ಅಪಾಯಗಳಿಗೆ ಮೂಲ. ಇವೆರಡರ ಸ್ವರೂಪವನ್ನೂ ಪರಸ್ಪರ ಸಂಬಂಧವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

1817ನೆಯ ಇಸವಿಯ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ತಾನು ನಿರ್ಮಿಸಿದ ಎರಡು ಚಕ್ರಗಳ ಯಂತ್ರವನ್ನೇರಿ ಹೊರಟನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ಕುಳಿತು ಕಾಲುಗಳಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಸಾಗಬೇಕಾಗಿದ್ದಿತು. ಎರಡೇ ವರ್ಷಗಳಲ್ಲಿ, ಎಂದರೆ 1819ರಲ್ಲಿ, ಲಂಡನ್ನಿನ ಗಾಡಿ ತಯಾರಕ ಡೆನಿಸ್ ಜಾನ್ಸನ್ ಇದರ ಸುಧಾರಿತ ರೂಪವನ್ನು ಮಾರಾಟಕ್ಕಿಟ್ಟುದಲ್ಲದೆ, ಅದನ್ನು ನಡೆಸಲು ಕಲಿಸುವ ಶಾಲೆಯನ್ನೂ ತೆರೆದನು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಚಕ್ರಕ್ಕೆ ಪೆಡಲು ಸೇರಿದ ಮೇಲೆ ಈ ವಾಹನದ ಹುಚ್ಚು ಅಮೆರಿಕಕ್ಕೂ ಹಬ್ಬಿ, 1869ರ ಸುಮಾರಿಗೆ ಅಲ್ಲಿನ ನಗರಗಳ ವಿಶಾಲ ಸಭಾಂಗಣಗಳಲ್ಲಿ ಸವಾರಿಶಾಲೆಗಳು ನಡೆದವು. ಇವೆಲ್ಲ ಶುಲ್ಕ ತೆತ್ತು ಕಲಿಯುವ ವಯಸ್ಕರ ಶಾಲೆಗಳು. ಬೈಸಿಕಲ್ಲು ಮೊದಲಿಗೆ ಮಕ್ಕಳ ಆಟಿಕೆಯಾಗಿರಲಿಲ್ಲವೆಂಬುದು ಗಮನಾರ್ಹ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಮೆ ಸಮಾನ ಗಾತ್ರದ ಚಕ್ರಗಳೂ ಹಿಂಚಕ್ರಕ್ಕೆ ಸರಪಳಿಯೂ ಇದ್ದ ‘ರೋವರ್’ ಸೈಕಲ್ಲನ್ನು ತಯಾರಿಸಿದನು. 1888ರಲ್ಲಿ ಡನ್ಲಪ್ಪನ ಗಾಳಿ ತುಂಬಿದ ಟೈರು ಬಂದಿತು. ಆಳೆತ್ತರದ ಮುಂಚಕ್ರದ ಮೇಲೆ ಸಾಹಸಿಗಳು ಮಾತ್ರ ಏರುತ್ತಿದ್ದ ಕಾಲ ಮುಗಿದು, ಸ್ತ್ರೀಯರಿಗೂ ವಯಸ್ಸಾದವರಿಗೂ ಸವಾರಿ ಸಾಧ್ಯವಾಯಿತು. ಅಮೆರಿಕದ ಮಹಿಳಾ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲರ್ಡ್ ತಮ್ಮ 53ನೆಯ ವಯಸ್ಸಿನಲ್ಲಿ, ದಿನಕ್ಕೆ ಸುಮಾರು ಕಾಲು ಗಂಟೆಯ ಅಭ್ಯಾಸದಿಂದ, ಮೂರು ತಿಂಗಳಲ್ಲಿ ಸವಾರಿ ಕಲಿತು, 1895ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಕಲಿಯುವ ವಯಸ್ಸು ಮೀರಿತೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇನ್ನು ಸಮತೋಲನದ ವಿಚಾರ. ಚಲಿಸುವ ಸೈಕಲ್ಲು ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೇ ತಿರುಗಿಸಿದರೆ, ಚಕ್ರಗಳು ಮತ್ತೆ ದೇಹಭಾರದ ಕೆಳಕ್ಕೆ ಬಂದು ವಾಹನ ನೆಟ್ಟಗಾಗುತ್ತದೆ. ನುರಿತ ಸವಾರನು ಈ ಕಿರುತಿದ್ದುಪಡಿಯನ್ನು ತನಗೇ ಅರಿವಿಲ್ಲದೆ ಎಡೆಬಿಡದೆ ಮಾಡುತ್ತಿರುತ್ತಾನೆ. ಸಾಕಷ್ಟು ವೇಗವಿದ್ದಾಗ ಸೈಕಲ್ಲು ತಾನೂ ಅಷ್ಟಿಷ್ಟು ಹೀಗೆ ತಿರುಗಿಕೊಳ್ಳುತ್ತದೆ. ಇದಕ್ಕೆ ತಿರುಗುವ ಚಕ್ರಗಳ ಬುಗುರಿಯಂಥ ಗುಣವೇ ಅವಶ್ಯ ಕಾರಣವೆಂಬ ಹಳೆಯ ವಿವರಣೆ ಪೂರ್ಣವಲ್ಲವೆಂದು, ಆ ಗುಣವನ್ನು ನಿವಾರಿಸಿಯೂ ಬೀಳದೆ ಓಡುವ ಯಂತ್ರವೊಂದನ್ನು ರಚಿಸಿ, ಹಾಲೆಂಡಿನ ಮತ್ತು ಅಮೆರಿಕದ ವಿದ್ವಾಂಸರು 2011ರಲ್ಲಿ ತೋರಿಸಿಕೊಟ್ಟರು.

ಬೋಧಕನಿಗೆ ಇದರಿಂದ ದೊರೆಯುವ ತತ್ತ್ವವೇನು? ವಾಲುವಿಕೆಯನ್ನು ಅನುಭವಿಸದವರಿಗೆ ಸಮತೋಲನ ಬಾರದು. ಹಿಂದಿನ ಚಕ್ರಕ್ಕೆ ಎರಡೂ ಪಕ್ಕಗಳಲ್ಲಿ ಜೋಡಿಸುವ ಪುಟ್ಟ ಚಕ್ರಗಳು ವಾಲುವಿಕೆಯನ್ನೇ ತಡೆಯುವುದರಿಂದ, ಮಗು ಪೆಡಲು ತುಳಿಯುವುದನ್ನು ಕಲಿಯುತ್ತದೆಯೇ ಹೊರತು ಸವಾರಿಯನ್ನಲ್ಲ. ಕ್ಯಾರಿಯರನ್ನು ಬಿಗಿಯಾಗಿ ಹಿಡಿದು ಹಿಂದೆ ಓಡುವ ತಂದೆಯೂ ಅರಿಯದೆ ಇದೇ ಅಡ್ಡಿಯನ್ನು ಒಡ್ಡುತ್ತಾನೆ. ಉತ್ತಮ ಕ್ರಮವೆಂದರೆ ಎರಡು ಪೆಡಲುಗಳನ್ನೂ ಕಳಚಿ, ಪಾದಗಳೆರಡೂ ಪೂರ್ತಿಯಾಗಿ ನೆಲಕ್ಕೆ ತಾಗುವಂತೆ ಸೀಟನ್ನು ಇಳಿಸುವುದು. ಕಲಿಯುವವರು ಮೊದಲು ಕುಳಿತೇ ನಡೆಯಲಿ. ಬಳಿಕ ಒದ್ದು, ಕಾಲುಗಳನ್ನೆತ್ತಿ ತೇಲಿದಂತೆ ಸಾಗಲಿ. ಬ್ರೇಕು ಹಿಡಿದು ನಿಲ್ಲುವುದು ರೂಢಿಯಾಗಲಿ. ನೋಟ ಮುಂಚಕ್ರದ ಮೇಲಲ್ಲ, ಮುಂದಿನ ದಾರಿಯ ಮೇಲಿರಬೇಕು. ಹತ್ತು ಹದಿನೈದು ಮಾರು ಕಾಲೂರದೆ ಸಾಗುವಂತಾದ ಮೇಲೆ ಪೆಡಲುಗಳನ್ನು ಮತ್ತೆ ಜೋಡಿಸಬಹುದು. ವಿಚಾರ ಮಾಡಿದರೆ ಇದು ಡ್ರೈಸನ ಯಂತ್ರದ ಪುನರಾಗಮನವೇ ಆಗಿದೆ. ಮೊದಲು ಸಮತೋಲನ, ಆಮೇಲೆ ಪೆಡಲು ಎಂಬ ಚರಿತ್ರೆಯ ಕ್ರಮವೇ ಕಲಿಕೆಯ ಸಹಜ ಕ್ರಮವೂ ಹೌದು.

ಈ ವಿಧಾನ ಮಕ್ಕಳಿಗೂ ವಯಸ್ಕರಿಗೂ ಸಮಾನ. ಭೇದವಿರುವುದು ಮನಸ್ಸಿನಲ್ಲಿ. ಮಗುವಿಗೆ ಬೀಳುವ ಭಯ ಕಡಮೆ, ಅಪಾಯದ ಅರಿವೂ ಕಡಮೆ. ಎದುರಿಗೆ ಬರುವ ವಾಹನದ ವೇಗವನ್ನು ಅಂದಾಜು ಮಾಡುವ ಶಕ್ತಿ ಅದರಲ್ಲಿ ಇನ್ನೂ ಬಲಿತಿರುವುದಿಲ್ಲ. ವಯಸ್ಕರಿಗೆ ರಸ್ತೆಯ ಅರಿವಿದೆ; ಆದರೆ ಬೀಳುವ ಭಯಕ್ಕಿಂತಲೂ ನಾಲ್ಕು ಜನರೆದುರು ನಗೆಗೀಡಾಗುವ ಸಂಕೋಚ ಹೆಚ್ಚು. ಆದಕಾರಣ ವಯಸ್ಕರಿಗೆ ಮರೆಯಾದ ಮೈದಾನವೂ ಜೊತೆಯ ಕಲಿಕೆಗಾರರೂ ಬೇಕು. ಮಕ್ಕಳಿಗೆ ರಸ್ತೆಗಿಳಿಯುವ ಮುನ್ನ ಎರಡನೆಯ ಪಾಠ ಬೇಕು.

ಆ ಎರಡನೆಯ ಪಾಠವು ಚರಿತ್ರೆಯಲ್ಲಿ ಬಹಳ ತಡವಾಗಿ, ಮೋಟಾರು ವಾಹನಗಳು ರಸ್ತೆಯನ್ನು ತುಂಬಿದ ಬಳಿಕ ರೂಪುಗೊಂಡಿತು. ಬ್ರಿಟನ್ನಿನಲ್ಲಿ ಮಕ್ಕಳಿಗಾಗಿ ಸೈಕಲ್ ಪ್ರಾವೀಣ್ಯ ಪರೀಕ್ಷೆ 1947ರಲ್ಲಿ ಪ್ರಯೋಗರೂಪವಾಗಿ ಆರಂಭವಾಗಿ, 1958ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ಇಂಗ್ಲೆಂಡಿನಲ್ಲಿ 2007ರಲ್ಲಿ ಬಂದ ‘ಬೈಕೆಬಿಲಿಟಿ’ ಎಂಬ ಕ್ರಮದಲ್ಲಿ ಮೂರು ಹಂತಗಳಿವೆ: ಮೊದಲು ವಾಹನವಿಲ್ಲದ ಅಂಗಳ, ಬಳಿಕ ಶಾಂತವಾದ ಬೀದಿ, ಕೊನೆಗೆ ಜನನಿಬಿಡ ರಸ್ತೆ. ಅಂಗಳದಲ್ಲಿ ಕಲಿತದ್ದು ರಸ್ತೆಗೆ ತಾನಾಗಿ ಬಾರದೆಂಬ ಅರಿವು ಈ ಕ್ರಮದ ತಳಹದಿ.

ನಮ್ಮ ರಸ್ತೆಗಳಿಗೆ ಒಪ್ಪುವಂತೆ ಈ ಪಾಠದ ಮುಖ್ಯಾಂಶಗಳನ್ನು ಹೀಗೆ ಹೇಳಬಹುದು. ಹೊರಡುವ ಮುನ್ನ ಗಾಳಿ, ಬ್ರೇಕು, ಸರಪಳಿಗಳನ್ನು ನೋಡಬೇಕು. ಹೆಲ್ಮೆಟ್ಟು ಹಣೆಯನ್ನು ಮುಚ್ಚುವಂತಿದ್ದು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು. ಸೀರೆಯ ಸೆರಗಾಗಲಿ ದುಪಟ್ಟಾ ಆಗಲಿ ಚಕ್ರಕ್ಕೆ ಸಿಕ್ಕದಂತೆ ಕಟ್ಟಿರಬೇಕು. ಮುಂದಿನ ಬ್ರೇಕನ್ನು ಮಾತ್ರ ಥಟ್ಟನೆ ಹಿಡಿಯದೆ ಎರಡನ್ನೂ ಕೂಡಿಸಿ ಹಿಡಿಯಬೇಕು. ನಿಂತ ಕಾರುಗಳ ಪಕ್ಕದಲ್ಲಿ, ಬಾಗಿಲು ತೆರೆದರೂ ತಗುಲದಷ್ಟು ದೂರ ಬಿಟ್ಟು ಸಾಗಬೇಕು. ಎಡಕ್ಕೆ ತಿರುಗಲಿರುವ ಲಾರಿ ಬಸ್ಸುಗಳ ಎಡಪಕ್ಕದಲ್ಲಿ ನುಸುಳಲೇಬಾರದು. ಅಲ್ಲಿರುವ ಸವಾರನು ಚಾಲಕನ ಕಣ್ಣಿಗೆ ಬೀಳದಿರಬಹುದು. ಕತ್ತಲಲ್ಲಿ ಮುಂದೆ ದೀಪವೂ ಹಿಂದೆ ಕೆಂಪು ಬೆಳಕೂ ಅವಶ್ಯ. ರಸ್ತೆಯ ಎಡಬದಿಯಲ್ಲಿ ಚಲಿಸುವ ನಮಗೆ ಅತ್ಯಂತ ಕಠಿನವಾದುದು ಬಲಕ್ಕೆ ತಿರುಗುವುದು. ಹಿಂತಿರುಗಿ ನೋಡುವುದು, ಬಲಗೈ ಚಾಚುವುದು, ದಾರಿ ದೊರೆತರೆ ಮಾತ್ರ ನಡುವಿಗೆ ಸರಿಯುವುದು, ಎದುರಿನ ವಾಹನಗಳಿಗೆ ಎಡೆಗೊಟ್ಟು ತಿರುಗುವುದು—ಇಷ್ಟನ್ನೂ ಈ ಕ್ರಮದಲ್ಲಿಯೇ ಮಾಡಬೇಕು. ಒಂದು ಕೈ ಬಿಟ್ಟು, ನೇರವಾಗಿ ಸಾಗುತ್ತ, ಹಿಂತಿರುಗಿ ನೋಡಲಾರದವರು ಇನ್ನೂ ರಸ್ತೆಗೆ ಸಿದ್ಧರಲ್ಲ; ಅಂಥವರು ಇಳಿದು, ಸೈಕಲ್ಲನ್ನು ತಳ್ಳಿಕೊಂಡು ದಾಟುವುದೇ ಲೇಸು.

ಕಲಿಸುವ ಹೊಣೆಯನ್ನು ಸಮಾಜವು ವಹಿಸಿಕೊಂಡರೆ ಏನಾಗಬಲ್ಲುದೆಂಬುದಕ್ಕೆ ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆ ನಿದರ್ಶನ. 1990ರ ದಶಕದ ಆರಂಭದಲ್ಲಿ ಅಲ್ಲಿನ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನವು ಅಕ್ಷರದೊಡನೆ ಸೈಕಲ್ ಸವಾರಿಯನ್ನೂ ಗ್ರಾಮೀಣ ಸ್ತ್ರೀಯರಿಗೆ ಕಲಿಸಿತು. ಆಗಿನ ಜಿಲ್ಲಾಧಿಕಾರಿ ಷೀಲಾ ರಾಣಿ ಚುಂಕತ್ ಇದಕ್ಕೆ ಒತ್ತಾಸೆಯಾಗಿದ್ದರು. ಪತ್ರಕರ್ತ ಪಿ. ಸಾಯಿನಾಥರ ವರದಿಯಂತೆ ಒಂದು ಲಕ್ಷಕ್ಕೂ ಹೆಚ್ಚು ಸ್ತ್ರೀಯರು ಕಲಿತರು. ಹೆಂಗಸರ ಸೈಕಲ್ಲುಗಳು ಸಾಲದೆಹೋದಾಗ ಗಂಡಸರ ಸೈಕಲ್ಲುಗಳನ್ನೇ ಏರಿದರು. ಮುಂದಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಅದನ್ನೇ ಮೆಚ್ಚಿದವರೂ ಇದ್ದರು. ಬಸ್ಸಿಗಾಗಿ ಕಾಯುವುದು, ಗಂಡನನ್ನೋ ಅಣ್ಣನನ್ನೋ ಅವಲಂಬಿಸುವುದು ತಪ್ಪಿತು. ಅಲ್ಲಿ ಸೈಕಲ್ಲು ಮಾತ್ರವಲ್ಲ, ಕಲಿಸುವವರೂ ಶಿಬಿರಗಳೂ ಇದ್ದುವೆಂಬುದನ್ನು ಮರೆಯಲಾಗದು.

ಬಿಹಾರದಲ್ಲಿ 2006ರಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಒದಗಿಸುವ ಯೋಜನೆ ಆರಂಭವಾಯಿತು. ಅದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟವಾದ ಮುರಳೀಧರನ್ ಮತ್ತು ಪ್ರಕಾಶ್ ಅವರ ಅಧ್ಯಯನ ತಿಳಿಸುತ್ತದೆ. ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಮೊದಲಾಯಿತು. ಇಂಥ ಯೋಜನೆಗಳ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೈಕಲ್ಲುಗಳನ್ನು ಎಣಿಸಬಹುದಾದಷ್ಟು ಸುಲಭವಾಗಿ ಪಾಠವನ್ನು ಎಣಿಸಲಾಗದು. ಹಾಗೆ ಸೈಕಲ್ಲು ಪಡೆದು ಓದಿದವರು ಈಗ ನಮ್ಮ ಕಾಲೇಜುಗಳಲ್ಲಿಯೂ ಇದ್ದಾರೆ. ಒಮ್ಮೆ ನನ್ನ ತರಗತಿಯಲ್ಲಿ ಸವಾರಿ ಬಲ್ಲವರು ಯಾರೆಂದು ಕೇಳಲು ಬಹುಮಂದಿ ಕೈಯೆತ್ತಿದರು. ಬಲಕ್ಕೆ ತಿರುಗುವ ಕ್ರಮವನ್ನು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರೇ ಎಂದು ಕೇಳಿದಾಗ ಎದ್ದ ಕೈಗಳು ಎರಡೋ ಮೂರೋ. ಉಳಿದವರಿಗೆ ಆ ಪಾಠವನ್ನು ರಸ್ತೆಯೇ ಕಲಿಸಿದ್ದಿತು. ರಸ್ತೆಯು ಒಳ್ಳೆಯ ಉಪಾಧ್ಯಾಯನಲ್ಲ. ಅದು ತಪ್ಪನ್ನು ತಿದ್ದಿಕೊಳ್ಳಲು ಎಲ್ಲರಿಗೂ ಎರಡನೆಯ ಅವಕಾಶವನ್ನು ಕೊಡುವುದಿಲ್ಲ.

ಶಾಲೆಯ ಆಟದ ಬಯಲು, ಸುಣ್ಣದ ಗೆರೆಗಳು, ಬಿಡುವಿನ ಕೆಲವು ಅಪರಾಹ್ಣಗಳು, ತಿಳಿದ ಒಬ್ಬ ಅಧ್ಯಾಪಕ—ಈ ಬೋಧನೆಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಡ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಮ್ಮ ಕಾಲೇಜು ವಿದ್ಯಾರ್ಥಿಗಳು ಹಳ್ಳಿಯ ಮಕ್ಕಳಿಗೂ, ಕಲಿಯುವ ಆಸೆಯಿದ್ದು ಸಂಕೋಚದಿಂದ ಹಿಂಜರಿದ ತಾಯಂದಿರಿಗೂ ಈ ಎರಡು ಪಾಠಗಳನ್ನು ಹೇಳಿಕೊಡಬಹುದು. ಎರಡು ಶತಮಾನಗಳ ಈ ಚರಿತ್ರೆಯಿಂದ ತಿಳಿಯುವುದಿಷ್ಟು: ಮೊದಲನೆಯ ಪಾಠವನ್ನು ಕಲಿಯುವವನ ದೇಹವೇ ಕಲಿತುಕೊಳ್ಳುತ್ತದೆ, ಬೋಧಕನು ಅಡ್ಡಿಯಾಗದಿದ್ದರೆ ಸಾಕು, ಎರಡನೆಯದನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಕಲಿಸಲೇಬೇಕು.